ಮೂವತ್ತೊಂಬತ್ತು ಗುಂಡುಸೂಜಿ

26 ಆಗಸ್ಟ್ 1994
(ಸರಕು ನೌಕೆಯ ಅಂಚೆ ಚೀಲದಲ್ಲಿ)

ಗ್ಲೆಬ್,

ಬದುಕಿದ್ದೀಯೇನೋ? ಮೂರು ತಿಂಗಳಲ್ಲಿ ನಿನ್ನಿಂದ ಬಂದದ್ದು ಎರಡೇ ಕಾಗದ. ಅದರಲ್ಲಿ ಒಂದು ನನ್ನ ಹುಟ್ಟುಹಬ್ಬದ್ದು, ಅದೂ ನಾಲ್ಕು ದಿನ ತಡವಾಗಿ. ಆ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ ಅನ್ನುತ್ತೀ, ಒಂದು ಸಲವಾದರೂ ಅಕ್ಕನ ನೆನಪು ಬರಬಾರದೇ?

ನೆಲ್ಲಿಯ ಮುರಬ್ಬ ಕಳಿಸಿದ್ದೇನೆ. ಗಾಜು ಮೇಲೆ ಹೋಗಬಾರದು ಎಂದು ಜಾಡಿಯನ್ನು ಬಾಗಿಲಲ್ಲೇ ತಡೆದರು. ಅಲ್ಲೇ ನಿಂತು ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ, ಅರ್ಧ ನನ್ನ ಕೋಟಿನ ಮೇಲೆ ಬಿತ್ತು. ಬೆಳ್ಳುಳ್ಳಿಯೂ ಇದೆ. ನಿಮ್ಮ ಕಮಾಂಡರ್ ಕೈರಾತ್ ಅವರಿಗೂ ಕೊಡು, ಒಬ್ಬನೇ ನುಂಗಬೇಡ.

ಇನ್ನೊಂದು ಸಂಗತಿ. ಈ ಚೀಲದ ಕಾಗದಗಳನ್ನು ಯಾರೂ ಒಡೆದು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇದೇ ನೌಕೆಯಲ್ಲಿ ನಿನಗೊಂದು ಜೊತೆ, ಕೈರಾತ್ ಅವರಿಗೊಂದು ಜೊತೆ, ಹೊರಗೆ ಹೋಗುವ ಉಡುಪಿನ ಹೊಸ ಕೈಗವಸು ಬರುತ್ತಿವೆ. ನಮ್ಮ ಹೊಲಿಗೆ ವಿಭಾಗದ ಕಟ್ಟಳೆ ನಿನಗೆ ಗೊತ್ತು. ಒಡಹುಟ್ಟಿದವರಿಗೆ, ಗಂಡನಿಗೆ, ಮಗನಿಗೆ ನಾವು ಹೊಲಿಯಬಾರದು, ಕೈ ನಡುಗುತ್ತದೆ ಅಂತ. ನಿನ್ನ ಜೊತೆ ನನ್ನ ಪಕ್ಕ ಕೂತು ಹೊಲಿಯುವ ನೊನ್ನಾಳ ಪಾಲಿಗೆ ಬಂದಿತ್ತು. ನಾನು ಅವಳ ಮೇಜಿನ ಸುತ್ತ ಸುಳಿದಾಡುವುದನ್ನು ನೋಡಿ ಅವಳು, "ಫಾಯಿನಾ, ನಿನ್ ತಮ್ಮನ ಗವಸು ಮುಟ್ಟಿದ್ಯೋ, ಕತ್ರೀಲಿ ಕುಟ್ತೀನಿ" ಅಂದಿದ್ದಳು. ಜೂನ್ ಕೊನೆಯಲ್ಲಿ ಅವಳಿಗೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿತು. ಎಡಗೈಯನ್ನು ನಾನು ಹೊಲಿದು ಅವಳ ಗುರುತು ಹಾಕಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಟ್ಟಳೆ ಮುರಿದೆ. ನನ್ನ ಕೈ ನಡುಗಲಿಲ್ಲ.

ಡಿಸೆಂಬರ್‌ವರೆಗೆ ನೀವು ಹೊರಗೆ ಹೋಗುವ ಕೆಲಸ ಇಲ್ಲವಂತೆ, ಒಳ್ಳೆಯದು. ಗವಸು ಪೆಟ್ಟಿಗೆಯಲ್ಲೇ ಇರಲಿ. ಎಲ್ಲ ಸರಿಯಾಗಿದೆ. ಸರಿಯಾಗಿಯೇ ಇದೆ.

ನಿನ್ನ ಅಕ್ಕ
ಫಾಯಿನಾ


8 ಸೆಪ್ಟೆಂಬರ್
(ನಿಯಂತ್ರಣ ಕೇಂದ್ರದ ಮೂಲಕ)

ಅಕ್ಕಾ,

ಇಲ್ಲಿ ಎಲ್ಲವೂ ಕ್ರಮದಲ್ಲಿದೆ. ಮುರಬ್ಬ ಮುಗಿಯಿತು. ಕೈರಾತ್ ಡಬ್ಬಿಯನ್ನು ನೆಕ್ಕಿ ಒರೆಸಿಟ್ಟು, "ನಿನ್ ಅಕ್ಕಂಗೆ ಮದ್ವೆ ಆಗಿದ್ಯಾ?" ಎಂದು ಕೇಳಿದ. "ನಿನಗಾಗಿದೆಯಲ್ಲಪ್ಪ" ಅಂದೆ. "ಹೌದಲ್ಲ, ಮರ್ತೇಬಿಟ್ಟಿದ್ದೆ, ಬಲ್ಜಾನ್‌ಗೆ ಹೇಳ್ಬೇಡ" ಅಂದ.

ಸ್ವಲ್ಪ ಸೆಕೆ ಇದೆ. ಒಂದು ಚಿಕ್ಕ ರಿಪೇರಿ ಇರುವುದರಿಂದ 20ನೇ ತಾರೀಖು ಇಬ್ಬರೂ ಹೊರಗೆ ಹೋಗುತ್ತೇವೆ. ಹೊಸ ಗವಸು ಹಾಕಿ ನೋಡಿದೆ. ಎಡಗೈ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಯಾರ ಕೈಗುಣವೋ ಏನೋ!

ಗ್ಲೆಬ್


10 ಸೆಪ್ಟೆಂಬರ್
(ನಿಯಂತ್ರಣ ಕೇಂದ್ರದ ಮೂಲಕ)

ಗ್ಲೆಬ್,

ಡಿಸೆಂಬರ್ ಅಂದಿದ್ದರು, ಈಗ 20ನೇ ತಾರೀಖು ಅನ್ನುತ್ತೀಯಲ್ಲ, ಏನಾಯಿತು? ಟಿವಿಯಲ್ಲಿ ಅರ್ಧ ನಿಮಿಷ ಹೇಳಿದರು, "ಯೋಜನೆಯಂತೆ ನಿರ್ವಹಣಾ ಕಾರ್ಯ" ಅಂತ. ಯೋಜನೆಯಂತೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಒಂದು ಮಾತು ನಡೆಸಿಕೊಡು. ಹಳೆಯ ಗವಸನ್ನೇ ಹಾಕಿಕೊಂಡು ಹೋಗು. ಯಾಕೆ ಎನ್ನಬೇಡ. ಪಳಗಿದ ಗವಸು ಕೈಯ ಮಾತು ಕೇಳುತ್ತದೆ. ಹೊಸದು ಗಟ್ಟಿ, ಬೆರಳು ಸೋಲುತ್ತದೆ. ಇಷ್ಟು ವರ್ಷ ಹೊಲಿದವಳು ಹೇಳುತ್ತಿದ್ದೇನೆ.

ಫಾಯಿನಾ


12 ಸೆಪ್ಟೆಂಬರ್
(ಜಖಾರ್ ಲುಕಿಚ್ ಅವರ ರೇಡಿಯೋ ಮೂಲಕ)

ಅಕ್ಕಾ,

ನಿಮ್ಮ ಮೂರನೇ ಮಹಡಿಯ ಜಖಾರ್ ಲುಕಿಚ್ ಹಿಂದೆ ಹಡಗಿನ ರೇಡಿಯೋ ನಡೆಸುತ್ತಿದ್ದವರು. ಅವರ ಹವ್ಯಾಸದ ಯಂತ್ರ ನಮ್ಮ ನಿಲ್ದಾಣದ ರೇಡಿಯೋ ಅಂಚೆಪೆಟ್ಟಿಗೆಗೆ ಮುಟ್ಟುತ್ತದೆಂದು ಈಗ ಗೊತ್ತಾಯಿತು. ನಾವು ನಿಮ್ಮ ಊರಿನ ಮೇಲೆ ಹಾಯುವ ಎಂಟು ನಿಮಿಷದಲ್ಲಿ ಕಾಗದ ಹೋಗುತ್ತದೆ, ಬರುತ್ತದೆ. ಕೇಂದ್ರದವರ ಕೈ ಇದಕ್ಕೆ ತಾಗುವುದಿಲ್ಲ. ಆದರೆ ಆಂಟೆನಾ ಇರುವ ಯಾರು ಬೇಕಾದರೂ, ಯಾವ ದೇಶದವರಾದರೂ ಓದಬಹುದು. ಓದಿಕೊಳ್ಳಲಿ.

ನಿಜ ಹೇಳುತ್ತೇನೆ. 3ನೇ ತಾರೀಖು ಬೆಳಿಗ್ಗೆ ನಿಲ್ದಾಣಕ್ಕೆ ಏನೋ ಬಡಿಯಿತು. ಹಳೆಯ ರಾಕೆಟ್ಟಿನ ಚೂರಿರಬೇಕು, ಕಣ್ಣಿಗೆ ಕಾಣಲಿಲ್ಲ. ಶಬ್ದ ಮಾತ್ರ ಕೇಳಿತು, ಯಾರೋ ಸುತ್ತಿಗೆಯಿಂದ ಒಂದೇ ಏಟು ಕೊಟ್ಟಂತೆ. ನಾವಿಬ್ಬರೂ ಉಸಿರು ಬಿಗಿಹಿಡಿದು ಒತ್ತಡದ ಮುಳ್ಳನ್ನೇ ನೋಡುತ್ತಿದ್ದೆವು. ಗಾಳಿ ಸೋರಲಿಲ್ಲ. ಸೋರುತ್ತಿರುವುದು ನಿಲ್ದಾಣವನ್ನು ತಣ್ಣಗಿಡುವ ದ್ರವ. ಹೊರಗಿನ ಕೊಳವೆ ಸೀಳಿದೆ. ಒಳಗೆ ಮೂವತ್ತೆಂಟು ಡಿಗ್ರಿ, ಗೋಡೆಯೆಲ್ಲ ಬೆವರುತ್ತಿದೆ, ಇಬ್ಬರೂ ಚಡ್ಡಿಯಲ್ಲೇ ಇದ್ದೇವೆ. 22ರೊಳಗೆ ಆ ಕೊಳವೆಗೆ ಕ್ಲಾಂಪ್ ಬಿಗಿಯದಿದ್ದರೆ ಯಂತ್ರಗಳು ಒಂದೊಂದಾಗಿ ಸಾಯುತ್ತವೆ. ಆಮೇಲೆ ನಿಲ್ದಾಣವನ್ನು ಬಿಟ್ಟು ಇಳಿಯಬೇಕು, ಅದೂ ಇಳಿಯುವ ನೌಕೆ ಅಷ್ಟು ಹೊತ್ತಿಗೆ ಕೆಡದೆ ಇದ್ದರೆ.

ಹಳೆಯ ಗವಸು ಆಗುವುದಿಲ್ಲ ಅಕ್ಕಾ. ಇಬ್ಬರ ಹಳೆಯ ಗವಸಿನಲ್ಲೂ ಬೆರಳ ತುದಿಯ ರಬ್ಬರು ಸವೆದಿದೆ. ಅಷ್ಟಕ್ಕೂ ನೀನು ಹೊಲಿದ ಎಡಗೈ ಇರುವಾಗ ಹಳೆಯದು ಯಾಕೆ?

ನನಗೆ ಹೆದರಿಕೆಯಾಗುತ್ತಿದೆ. ಕೈರಾತ್‌ಗೆ ಹೇಳಿಲ್ಲ. ಅವನೂ ನನಗೆ ಹೇಳಿಲ್ಲ, ಆದರೆ ಅವನು ಮೂರು ದಿನದಿಂದ ತಮಾಷೆ ಮಾಡಿಲ್ಲ.

ಗ್ಲೆಬ್


13 ಸೆಪ್ಟೆಂಬರ್
(ನಿಯಂತ್ರಣ ಕೇಂದ್ರದ ಮೂಲಕ)

ಗ್ಲೆಬ್,

ಇದನ್ನು ಟೈಪ್ ಮಾಡುವ ಹುಡುಗಿಗೆ ಮೊದಲೇ ಹೇಳುತ್ತಿದ್ದೇನೆ. ತಾಯಿ, ಒಂದಕ್ಷರವನ್ನೂ ಬಿಡಬೇಡ. ರೇಡಿಯೋದಲ್ಲಾದರೆ ಲೋಕವೆಲ್ಲ ಓದುತ್ತದೆ, ಅದಕ್ಕೇ ನಿನ್ನ ಕೈಗೆ ಕೊಡುತ್ತಿದ್ದೇನೆ.

ನಮ್ಮಲ್ಲಿ ಬೆಳಿಗ್ಗೆ ಪ್ರತಿಯೊಬ್ಬಳಿಗೂ ನಲವತ್ತು ಗುಂಡುಸೂಜಿ ಎಣಿಸಿ ಕೊಡುತ್ತಾರೆ. ಸಂಜೆ ನಲವತ್ತು ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಅವಳು ಆ ದಿನ ಹೊಲಿದದ್ದನ್ನೆಲ್ಲ ಬಿಚ್ಚಿ ಹುಡುಕುತ್ತಾರೆ. ಜೂನ್ 28ರಂದು, ನಿನ್ನ ಎಡಗೈ ಹೊಲಿದ ಸಂಜೆ, ನನ್ನ ಹತ್ತಿರ ಮೂವತ್ತೊಂಬತ್ತೇ ಇದ್ದವು. ಮೇಜಿನ ಕೆಳಗೆ ನೋಡಿದೆ, ಚಪ್ಪಲಿಯ ಅಡಿ ನೋಡಿದೆ. ಅರ್ಧವರ್ಷದ ಲೆಕ್ಕ ಮುಗಿಯಲು ಎರಡೇ ದಿನ ಇತ್ತು, ಎಲ್ಲರೂ ಓಡಾಡುತ್ತಿದ್ದರು. ಬಿಚ್ಚಿದರೆ ನಿನ್ನ ಗವಸನ್ನು ಹೊಲಿದವಳು ನಾನೆಂದು ಗೊತ್ತಾಗುತ್ತಿತ್ತು. ನನ್ನ ಏಪ್ರನ್ನಿನ ಕಾಲರಿಗೆ ಮನೆಯ ಗುಂಡುಸೂಜಿ ಒಂದಿತ್ತು. ಅದನ್ನು ಹಾಕಿ ನಲವತ್ತು ಮಾಡಿ ಒಪ್ಪಿಸಿದೆ.

ಹೊಲಿದ ಗವಸನ್ನು ಪರೀಕ್ಷಿಸುವ ಎಕ್ಸ್‌ರೇ ಯಂತ್ರ ಆ ವಾರ ಕೆಟ್ಟಿತ್ತು. ನೋಡದೆಯೇ ಪರೀಕ್ಷೆಯ ಚೀಟಿಗೆ ಸಹಿ ಬಿತ್ತು. ಗಾಳಿ ತುಂಬಿ ನೋಡಿದಾಗ ಗವಸು ಗಟ್ಟಿಯಾಗಿಯೇ ಇತ್ತು. ಆದರೆ ಸೂಜಿ ಬಟ್ಟೆಗೂ ರಬ್ಬರಿಗೂ ನಡುವೆ ಇದ್ದರೆ, ಮುಷ್ಟಿ ಬಿಗಿದಾಗಲೇ ಅದು ಚುಚ್ಚುವುದು. ಡಿಸೆಂಬರ್‌ವರೆಗೆ ಹೊರಗೆ ಹೋಗುವುದಿಲ್ಲ, ಅಷ್ಟರಲ್ಲಿ ಏನಾದರೂ ಮಾಡುತ್ತೇನೆ ಎಂದುಕೊಂಡೆ. ಏನೂ ಮಾಡಲಿಲ್ಲ. ಆ ಗವಸನ್ನು ಹಾಕಿಕೊಳ್ಳಬೇಡ.

ಫಾಯಿನಾ


15 ಸೆಪ್ಟೆಂಬರ್
(ನಿಯಂತ್ರಣ ಕೇಂದ್ರದ ಮೂಲಕ)

ಅಕ್ಕಾ,

ನಿನ್ನ ಕಾಗದ ಸಿಕ್ಕಿತು. ಎರಡೇ ಸಾಲು: "ನಾನು ಚೆನ್ನಾಗಿದ್ದೇನೆ, ನಿನ್ನ ಕೆಲಸ ಸಾಂಗವಾಗಿ ನಡೆಯಲಿ." ನೀನು ಹುಟ್ಟಿದಾಗಿನಿಂದ "ಸಾಂಗವಾಗಿ" ಅಂದವಳಲ್ಲ. ಕೋಪವೇ? ಮೊದಲು ನಿಜ ಹೇಳಲಿಲ್ಲವೆಂದು ಸಿಟ್ಟಾಗಿದ್ದರೆ ಬೈದುಬಿಡು, ಹೀಗೆ ಸರ್ಕಾರಿ ಕಾಗದ ಬರೆಯಬೇಡ.

ಗ್ಲೆಬ್


16 ಸೆಪ್ಟೆಂಬರ್
(ರೇಡಿಯೋ ಮೂಲಕ)

ಗ್ಲೆಬ್,

ಅದು ನನ್ನ ಕಾಗದವಲ್ಲ. ನನ್ನದನ್ನು ಅವರು ಕತ್ತರಿಸಿದರು. ನಿನ್ನೆ ಕೇಂದ್ರಕ್ಕೇ ಹೋಗಿದ್ದೆ. ಮನೋವೈದ್ಯರೊಬ್ಬರು ಚಹಾ ಕೊಟ್ಟು ಹೇಳಿದರು: "ಫಾಯಿನಾ ಮಾರ್ಕೊವ್ನಾ, ಗವಸಿನ ಪರೀಕ್ಷೆ ಚೀಟಿಯೆಲ್ಲಾ ಸರಿಯಾಗಿದೆ. ಹೊರಗೆ ಹೋಗೋ ಮನುಷ್ಯನ ತಲೇಲಿ ಹುಳ ಬಿಡ್ಬೇಡಿ. ನಿಮಗೆ ದಣಿವಾಗಿದೆ, ಮನೆಗೆ ಹೋಗಿ ಮಲಕ್ಕೊಳ್ಳಿ." ಆ ಚೀಟಿಯ ಕಥೆ ಹೇಳಿದೆ. ಅವರು ನನ್ನ ನಾಡಿ ನೋಡಿದರು.

ಈಗ ಜಖಾರ್ ಲುಕಿಚ್ ಅವರ ಅಡುಗೆಮನೆಯಲ್ಲಿ ಕೂತಿದ್ದೇನೆ. ಅವರು, "ತಂಗೀ, ಇದನ್ನ ಇಡೀ ಪ್ರಪಂಚ ಓದತ್ತೆ. ನಾಳೆ ನಿನ್ ಕೆಲ್ಸ ಹೋಗತ್ತೆ, ಯೋಚ್ನೆ ಮಾಡು" ಅಂದರು. ಕಳಿಸಿ ಅಂದೆ.

ನಿನ್ನ ಎಡಗವಸಿನಲ್ಲಿ ಗುಂಡುಸೂಜಿ ಇರಬಹುದು. ಎಣಿಕೆಯಲ್ಲಿ ಒಂದು ಕಡಿಮೆಯಾಗಿತ್ತು, ನಾನು ಮುಚ್ಚಿಟ್ಟೆ. ಅಂಗೈಯಲ್ಲಿ ಉಕ್ಕಿನ ಪಟ್ಟಿ ಇರುವುದರಿಂದ ಅಯಸ್ಕಾಂತದಿಂದ ತಿಳಿಯುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ ಹೊರಬಟ್ಟೆಯ ಹನ್ನೊಂದು ಹೊಲಿಗೆ ಬಿಚ್ಚಿ ಒಳಗೆ ಬೆರಳಾಡಿಸು. ಮೆಲ್ಲಗೆ. ರಬ್ಬರು ಹರಿದರೆ ಎಲ್ಲ ಮುಗಿಯಿತು.

ನಿನ್ನ ಮುಂದೆ ತಲೆ ಎತ್ತುವ ಮುಖ ನನಗಿಲ್ಲ.

ಫಾಯಿನಾ


17 ಸೆಪ್ಟೆಂಬರ್, ಬೆಳಿಗ್ಗೆ
(ರೇಡಿಯೋ ಮೂಲಕ)

ಅಕ್ಕಾ,

ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಜೂನ್‌ನಿಂದ ನಿನಗೆ ಗೊತ್ತಿತ್ತು! ಮುರಬ್ಬದ ಬಗ್ಗೆ ಒಂದು ಪುಟ ಬರೆದೆ, ಇದನ್ನು ಬರೆಯಲಿಲ್ಲ.

ಕೈರಾತ್ ನನ್ನ ಭುಜದ ಮೇಲಿಂದ ಓದಿ, "ಬೈದಾಯ್ತಾ? ಕತ್ರಿ ತಗೋ" ಅಂದ. ಕೇಂದ್ರದವರು ಕೂಗಾಡಿದರು, ಉಡುಪಿನ ಯಾವ ಭಾಗವನ್ನೂ ಬಿಚ್ಚಬಾರದೆಂದು. ಕೈರಾತ್ "ಏನೂ ಕೇಳಿಸ್ತಿಲ್ಲ, ಸಿಗ್ನಲ್ ಸರಿಯಿಲ್ಲ" ಅಂದು ಗುಂಡಿ ಆರಿಸಿದ.

ಹನ್ನೊಂದೂ ಬಿಚ್ಚಿದ್ದೇನೆ. ಮತ್ತೆ ಹೊಲಿಯುವುದು ಹೇಗೆ? ರಿಪೇರಿ ಪೆಟ್ಟಿಗೆಯಲ್ಲಿ ಸೂಜಿ ದಾರ ಇದೆ. ನನ್ನ ಕೈ ಬೆವರಿ ಸೂಜಿ ನಿಲ್ಲುತ್ತಿಲ್ಲ. ಮುಂದಿನ ಸುತ್ತಿನಲ್ಲಿ ನಾವು ಊರಿನ ಮೇಲೆ ಹಾಯುವಾಗ ಬರೆ, ಎಲ್ಲೂ ಹೋಗಬೇಡ.

ಗ್ಲೆಬ್


17 ಸೆಪ್ಟೆಂಬರ್, ತೊಂಬತ್ತು ನಿಮಿಷದ ಮೇಲೆ
(ರೇಡಿಯೋ ಮೂಲಕ)

ಬಟ್ಟೆಗೂ ರಬ್ಬರಿಗೂ ನಡುವೆ ಚಮಚದ ಹಿಡಿ ತೂರಿಸು, ಸೂಜಿ ಅದಕ್ಕೆ ತಾಗಿ ನಿಲ್ಲಲಿ. ಹಳೆಯ ತೂತುಗಳಲ್ಲೇ ಹೋಗು, ಹೊಸ ತೂತು ಮಾಡಬೇಡ. ಒಂದು ಹೊಲಿಗೆ ಮುಂದೆ, ಅರ್ಧ ಹೊಲಿಗೆ ಹಿಂದೆ. ದಾರವನ್ನು ಕೈಯಿಂದ ಎಳೆ, ಹಲ್ಲಿನಿಂದ ಎಳೆಯಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ಅಮ್ಮ ತೀರಿಕೊಂಡ ವರ್ಷ ನಾನು ನಿನ್ನನ್ನು ಶಾಲೆಯ ಕೋಟಿಗೆ ಗುಂಡಿ ಹೊಲಿಯಲು ಕೂರಿಸಿದಾಗ ಎಷ್ಟು ಅತ್ತಿದ್ದೆ! ಅಳದೆ ಹೊಲಿ. ಆದರೆ ಮೊದಲು ಹುಡುಕು, ಪ್ರತಿ ಬೆರಳಿನ ಬುಡ, ಮಣಿಕಟ್ಟು, ಪಟ್ಟಿಯ ಅಡಿ. ಸಿಕ್ಕಿತೇ?


18 ಸೆಪ್ಟೆಂಬರ್
(ರೇಡಿಯೋ ಮೂಲಕ)

ಅಕ್ಕಾ,

ಇಲ್ಲ! ಸೂಜಿ ಇಲ್ಲ! ನಾನು ಎರಡು ಸಲ, ಕೈರಾತ್ ಎರಡು ಸಲ ಹುಡುಕಿದೆವು. ದೀಪ ಹಿಡಿದು, ಬೆರಳಾಡಿಸಿ, ಅಂಗುಲ ಅಂಗುಲ ನೋಡಿದೆವು. ಹೊಲಿದೂ ಆಯಿತು. ನೋಡಲು ಅಸಹ್ಯ, ಆದರೆ ಒತ್ತಡ ತುಂಬಿ ನಾಲ್ಕು ಗಂಟೆ ಇಟ್ಟೆವು, ಒಂದು ಕೂದಲೆಳೆಯಷ್ಟೂ ಸೋರಲಿಲ್ಲ.

ನಿನ್ನ ಸೂಜಿ ನೆಲದ ಬಿರುಕಲ್ಲಿ ಎಲ್ಲೋ ಬಿದ್ದಿದೆ. ಜಪಾನಿನಿಂದ, ಬ್ರೆಜಿಲ್ಲಿನಿಂದ ಯಾರುಯಾರೋ "ಸಿಕ್ಕಿತೇ, ಸಿಕ್ಕಿತೇ" ಎಂದು ನಮ್ಮ ಪೆಟ್ಟಿಗೆ ತುಂಬಿಸಿದ್ದಾರೆ. ಎಲ್ಲರಿಗೂ ಇಲ್ಲ ಎಂದು ಬರೆದೆ. ಸಿಟ್ಟು ಇಳಿದಿದೆ. ಮಲಗು ಅಕ್ಕಾ.

ಗ್ಲೆಬ್


19 ಸೆಪ್ಟೆಂಬರ್
(ರೇಡಿಯೋ ಮೂಲಕ)

ನನ್ನ ಕಂದಾ,

ಜಖಾರ್ ಲುಕಿಚ್ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವರಿಗೆ ಗಾಬರಿಯಾಗಿ ಒಲೆಯ ಮೇಲಿದ್ದ ಗಂಜಿ ಸೀದುಹೋಯಿತು. ಸೀದದ್ದನ್ನೇ ಇಬ್ಬರೂ ತಿಂದೆವು.

ಆ ದಿನ ಬೆಳಿಗ್ಗೆ ಇನ್ನೆರಡು ಬಲಗೈ ಅಂಗೈಗಳನ್ನೂ ಹೊಲಿದಿದ್ದೆ. ಅವಕ್ಕೆ ನಂಬರ್ ಮಾತ್ರ, ಯಾರದ್ದೋ ಏನೋ. ಗೋದಾಮಿನಲ್ಲಿರುತ್ತವೆ. ಮುಂದಿನ ಸೋಮವಾರ ನೊನ್ನಾಗೆ ಹೇಳಿ ತೆಗೆಸಿ ನೋಡುತ್ತೇನೆ. ಅದೆಲ್ಲ ಆಮೇಲೆ. ನಿನ್ನ ಕೈ ಉಳಿಯಿತಲ್ಲ, ಅಷ್ಟು ಸಾಕು.

ನಾಳೆ ಧೈರ್ಯವಾಗಿ ಹೋಗಿ ಬಾ.

ಫಾಯಿನಾ


21 ಸೆಪ್ಟೆಂಬರ್
(ಕೈಬರಹ. ನಡುವೆ ನಿಲ್ದಾಣಕ್ಕೆ ಬಂದು ಅಕ್ಟೋಬರ್ 4ರಂದು ಇಳಿದ ಅತಿಥಿ ತಂಡದ ಜೊತೆ ಬಂದದ್ದು)

ಅಕ್ಕಾ,

ಕೊಳವೆ ಸರಿಹೋಯಿತು ಎಂದು ನಿನ್ನೆಯೇ ಟಿವಿಯಲ್ಲಿ ಕೇಳಿರುತ್ತೀ. ನಿಲ್ದಾಣ ತಣ್ಣಗಾಗುತ್ತಿದೆ, ಇವತ್ತು ಅಂಗಿ ಹಾಕಿಕೊಂಡೆವು. ಉಳಿದದ್ದನ್ನು ರೇಡಿಯೋದಲ್ಲಿ ಬರೆಯಲು ಮನಸ್ಸಾಗಲಿಲ್ಲ. ಕೈರಾತ್ ಬರೆಯಲೇಬೇಡ ಅಂದಿದ್ದಾನೆ.

ಕ್ಲಾಂಪನ್ನು ಕೊಳವೆಗೆ ಒತ್ತಿ ಹಿಡಿಯುವುದು ಅವನ ಕೆಲಸ, ಬೋಲ್ಟ್ ಬಿಗಿಯುವುದು ನನ್ನದು. ಮೂರನೆಯ ಗಂಟೆಯಲ್ಲಿ ಅವನು "ಹೂಂ" ಅಂದ. ಅಷ್ಟೇ.

"ಏನಾಯ್ತು?" ಅಂದೆ.

"ಏನಿಲ್ಲ. ತಿರುಗ್ಸು."

ಅವನ ಉಡುಪಿನ ಒತ್ತಡ ಇಳಿಯುತ್ತಿದೆಯೆಂದು ಕೇಂದ್ರದವರು ಕೂಗಿದರು. ಮೀಸಲು ಆಮ್ಲಜನಕ ತಾನಾಗಿಯೇ ತೆರೆದುಕೊಂಡಿತ್ತು. "ಕೈರಾತ್, ಒಳಗೆ ಹೋಗೋಣ, ನಡಿ" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಈಗ ಬಿಟ್ರೆ ಕ್ಲಾಂಪ್ ಜಾರತ್ತೆ. ಇನ್ನೆಷ್ಟು ಸುತ್ತು?"

"ಒಂಬತ್ತು."

"ಒಂಬತ್ತೂ ತಿರುಗ್ಸು. ನಾನು ಮುಷ್ಟಿ ಬಿಡಲ್ಲ. ಬಿಟ್ರೆ ತೂತು ಬಾಯಿ ಬಿಡತ್ತೆ."

ಒಂಬತ್ತು ಸುತ್ತು ತಿರುಗಿಸಿದೆ. ಆಮೇಲೆ ಒಳಗೆ ಬರಲು ನಲವತ್ತು ನಿಮಿಷ. ಅಷ್ಟೂ ಹೊತ್ತು ಅವನು ಬಲಮುಷ್ಟಿ ಬಿಗಿಹಿಡಿದು ಒಂದೇ ಕೈಯಲ್ಲಿ ಕಂಬಿ ಹಿಡಿದು ಬಂದ. ನಾನು ಹಿಂದೆ ಬರುತ್ತಾ ಅವನ ಉಸಿರನ್ನೇ ಕೇಳುತ್ತಿದ್ದೆ. ಅದು ನಿಂತರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಬಾಗಿಲು ಮುಚ್ಚಿ, ಗಾಳಿ ತುಂಬಿ, ಗವಸು ಎಳೆದೆವು. ರಕ್ತ ಹೆಪ್ಪುಗಟ್ಟಿ ರಬ್ಬರಿಗೆ ಅಂಟಿಕೊಂಡಿತ್ತು. ಅವನನ್ನು ಉಳಿಸಿದ್ದು ಆ ರಕ್ತವೇ. ತೂತನ್ನು ಅದೇ ಮುಚ್ಚಿತ್ತು. ನಿನ್ನ ಗುಂಡುಸೂಜಿ ತಲೆಯವರೆಗೂ ಅಂಗೈ ಒಳಗೆ ಹೋಗಿತ್ತು. ಚಿಮಟದಿಂದ ನಾನೇ ತೆಗೆದೆ. ಎರಡು ಬೆರಳಿಗೆ ಸ್ಪರ್ಶ ಇಲ್ಲ. ಬರಬಹುದು, ಬರದೆಯೂ ಇರಬಹುದು ಅನ್ನುತ್ತಾರೆ ವೈದ್ಯರು. ಹೊರಗಿನವರಿಗೆ "ತರಚು ಗಾಯ" ಎಂದು ಹೇಳಿದ್ದಾರೆ. ಅವನ ಮನೆಗೂ ಅಷ್ಟೇ ಹೇಳಿರುವುದು.

ಎರಡು ಬಲಗೈ ಎಂದು ನೀನು ಬರೆದಿದ್ದೆ. ಹೊರಗೆ ಹೋಗುವ ಹಿಂದಿನ ದಿನವೇ ಓದಿದ್ದೆ. ಅವನ ಗವಸು ನನ್ನ ಗವಸಿನ ಪಕ್ಕದಲ್ಲೇ ತೂಗುತ್ತಿತ್ತು. ಓದಿದೆ, ನಕ್ಕೆ, ಮಲಗಿದೆ. ನಿನ್ನನ್ನು ಬೈಯಲು ನನಗೆ ಬಾಯಿಲ್ಲ.

ಅವನು, "ಪಾಪ, ನಿನ್ ಅಕ್ಕ ಈಗ ತಾನೇ ನಿದ್ದೆ ಮಾಡ್ತಿದಾಳೆ, ಎಬ್ಬಿಸ್ಬೇಡ" ಅಂದ. ಬರೆಯದೆ ಇರಲು ನನ್ನಿಂದಾಗಲಿಲ್ಲ.

ಗ್ಲೆಬ್


8 ಅಕ್ಟೋಬರ್
(ರೇಡಿಯೋ ಮೂಲಕ)

ಗ್ಲೆಬ್, ಇದನ್ನು ಕೈರಾತ್ ಅವರಿಗೂ ಓದಿ ಹೇಳು.

ನಿನ್ನ ಕಾಗದ 5ನೇ ತಾರೀಖು ಸಿಕ್ಕಿತು. ನೊನ್ನಾಳನ್ನು ಕರೆದುಕೊಂಡು ಮೇಲಧಿಕಾರಿಯ ಮುಂದೆ ನಿಂತು ಎಲ್ಲ ಬರೆದುಕೊಟ್ಟೆ. ನನ್ನನ್ನು ಮೇಜಿನಿಂದ ಎಬ್ಬಿಸಿದರು. ಸರಿಯೇ. ನೊನ್ನಾ ನನ್ನ ಜೊತೆ ಮಾತಾಡುತ್ತಿಲ್ಲ, ಅದೂ ಸರಿಯೇ. ಸೋಮವಾರ ನೋಡುತ್ತೇನೆ ಎಂದಿದ್ದೆನಲ್ಲ, ನೋಡಿರಲಿಲ್ಲ. ನಂಬರ್ ಪುಸ್ತಕ ನನ್ನ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಒಂದೇ ಕೈಗೆ ಹೆದರಿದ್ದೆ. ಆ ಒಂದು ಕೈ ಉಳಿದ ಮೇಲೆ ನನ್ನ ಹೆದರಿಕೆ ಮುಗಿಯಿತು.

ಮೊನ್ನೆ ಕರಗಂಡದಿಂದ, ಕೈರಾತ್ ಅವರ ಮನೆಯಿಂದ, ಬಲ್ಜಾನ್ ಫೋನ್ ಮಾಡಿದ್ದಳು. ಜಖಾರ್ ಲುಕಿಚ್ ಅವರ ಯಾರೋ ಗೆಳೆಯ ನನ್ನ ರೇಡಿಯೋ ಕಥೆಯನ್ನು ಪತ್ರಿಕೆಗೆ ಕೊಟ್ಟಿದ್ದಾನೆ. "ಅಕ್ಕಾ, ನಿಮ್ಮ ಧೈರ್ಯಕ್ಕೆ ಏನು ಹೇಳ್ಲಿ? ನಿಮ್ಮಂಥೋರು ಇರೋದಕ್ಕೇ ನಮ್ಮೋರು ಕ್ಷೇಮವಾಗಿದಾರೆ. ನನ್ ಮಕ್ಳು ನಿಮ್ ಹೆಸ್ರು ಹೇಳ್ತಿರ್ತವೆ" ಅಂದಳು. ಅವಳಿಗೆ ತರಚು ಗಾಯ ಅಂತ ಮಾತ್ರ ಗೊತ್ತು. ನಾನು "ಅಯ್ಯೋ, ಅದೇನು ದೊಡ್ಡದಲ್ಲ ಬಿಡಮ್ಮ" ಅಂದೆ. ಅವಳು ಕೊಟ್ಟ ಕೃತಜ್ಞತೆಯನ್ನು ಇಟ್ಟುಕೊಂಡೆ, ಗ್ಲೆಬ್. ಫೋನ್ ಇಟ್ಟ ಮೇಲೆ ಕೈ ನಡುಗಿತು.

ನಾಳೆಯ ರೈಲಿಗೆ ಕರಗಂಡಕ್ಕೆ ಹೋಗುತ್ತಿದ್ದೇನೆ. ಕೈರಾತ್, ಬೇಡ ಅನ್ನಬೇಡಿ, ಟಿಕೆಟ್ ತೆಗೆದಾಗಿದೆ. ಅವಳು ಬಾಗಿಲು ತೆರೆದು ನಗುತ್ತಾ ಒಳಗೆ ಕರೆಯುತ್ತಾಳೆ, ಚಹಾ ಬಗ್ಗಿಸುತ್ತಾಳೆ, ಮಕ್ಕಳನ್ನು ಕೂಗುತ್ತಾಳೆ. ಅದನ್ನು ನೆನೆದರೆ ಗೂಡ್ಸು ಗಾಡಿಗೆ ಅಡ್ಡ ಬೀಳುವುದೇ ಸುಲಭ ಅನ್ನಿಸುತ್ತದೆ. ಚಹಾ ಮುಟ್ಟುವ ಮೊದಲೇ ಹೇಳಬೇಕು.

ಎರಡೂವರೆ ದಿನದ ದಾರಿ. ಅಷ್ಟರಲ್ಲಿ ಮೊದಲ ಮಾತು ಹೊಳೆಯಬಹುದು. ಹೊಳೆಯದಿದ್ದರೂ ಬಾಗಿಲು ತಟ್ಟುತ್ತೇನೆ.

ಫಾಯಿನಾ